ಪಾಸಿಟಿವ್ ಬಂತೆಂದು ಬೆಕ್ಕನ್ನು ಕೈಬಿಡಬೇಡಿ



ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ಕೈಯಲ್ಲಿ ಪೇಪರ್ ತಟ್ಟೆ, ತಟ್ಟೆಯಲ್ಲಿ ಆಗ ತಾನೇ ಬಡಿಸಿದ ಬಿಸಿಬೇಳೆಬಾತ್. ಹಿಂದೆ ನಿಂತಿದ್ದ ಪರಿಚಿತರೊಬ್ಬರು ದನಿ ತಗ್ಗಿಸಿ ಕೇಳಿದರು: "ನಿಮ್ಮ ಮನೇಲಿ ಏಡ್ಸ್ ಇರೋ ಬೆಕ್ಕು ಇದೆಯಂತಲ್ಲ, ನಿಜಾನಾ?"

"ಇದೆ. ಈಗ ಸೋಫಾ ಮೇಲೆ ಮಲಗಿ ಗೊರಕೆ ಹೊಡೀತಿರುತ್ತೆ" ಅಂದೆ. ಅವರು ನಕ್ಕರು. ಆದರೆ ನಗುತ್ತಲೇ ಅರ್ಧ ಹೆಜ್ಜೆ ಹಿಂದೆ ಸರಿದರು. ಬೇಕೆಂದು ಮಾಡಿದ್ದಲ್ಲ, ಪಾಪ, ಕಾಲು ತಾನಾಗಿಯೇ ಹಿಂದೆ ಹೋಯಿತು. ಅವರ ಮೇಲೆ ನನಗೆ ಕೋಪವಿಲ್ಲ. ಮೂರು ವರ್ಷದ ಹಿಂದೆ ನನ್ನ ಕಾಲೂ ಹಾಗೇ ಹಿಂದೆ ಸರಿದಿತ್ತು. ಆ ಅರ್ಧ ಹೆಜ್ಜೆಯ ಬಗ್ಗೆಯೇ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಹಾಸನದಲ್ಲಿ ಬಿ.ಇ. ಮುಗಿಸಿ, ಎಲ್ಲರಂತೆ ಬೆಂಗಳೂರು ಸುತ್ತಿ, ಇಲ್ಲಿಗೆ ಬಂದು ಸಾಫ್ಟ್‌ವೇರ್ ಬರೆದುಕೊಂಡಿರುವವನು. ಕ್ಯಾಂಪ್‌ಬೆಲ್‌ನಲ್ಲಿ ಲಾಸ್ ಗ್ಯಾಟೋಸ್ ಕ್ರೀಕ್ ಹಾದಿಗೆ ಹತ್ತಿರದ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ನಮ್ಮದು. ಹೆಂಡತಿ, ಎಂಟು ವರ್ಷದ ಮಗಳು, ವರ್ಷಕ್ಕೆ ಆರು ತಿಂಗಳು ತಿಪಟೂರಿನಿಂದ ಬಂದಿರುವ ಅಮ್ಮ. ಇಷ್ಟು ಜನ, ಜೊತೆಗೆ ಕೆಂಚ.

ಕೆಂಚ ಬಂದ ಕಥೆ

2023ರ ಜನವರಿಯ ಮಳೆ ನಿಮಗೆಲ್ಲ ನೆನಪಿರಬೇಕು. ಒಂದರ ಹಿಂದೆ ಒಂದು ಚಂಡಮಾರುತ ಬಂದು, ಬೇ ಏರಿಯಾದಲ್ಲಿ ಮಲೆನಾಡಿನ ಆಷಾಢವನ್ನು ನೆನಪಿಸಿತ್ತು. ಆ ವಾರ ನಮ್ಮ ಮೆಟ್ಟಿಲ ಕೆಳಗೆ ಒಂದು ಕೆಂಪು ಗಂಡುಬೆಕ್ಕು ಬಂದು ಕೂತಿತು. ಮೈಯೆಲ್ಲ ಒದ್ದೆ, ಒಂದು ಕಿವಿ ಹರಿದಿದೆ, ಕೆನ್ನೆ ನಿಂಬೆಹಣ್ಣಿನ ಗಾತ್ರಕ್ಕೆ ಊದಿದೆ. ಮಗಳು ಆಗ ಕಿಂಡರ್‌ಗಾರ್ಟನ್‌ನಲ್ಲಿದ್ದಳು. ಅವಳೇ ಟವೆಲ್ ತಂದು ಹೊದಿಸಿದಳು, ಅವಳೇ ಕೆಂಚ ಎಂದು ಹೆಸರಿಟ್ಟಳು. ಹೆಸರಿಟ್ಟ ಮೇಲೆ ಮುಗಿಯಿತಲ್ಲ! ಅಂದಿನಿಂದ ಅದು ನಮಗೆ 'ಅದು' ಆಗಿ ಉಳಿಯಲಿಲ್ಲ, 'ಅವನು' ಆದ.

ಮೈಕ್ರೋಚಿಪ್ ಇರಲಿಲ್ಲ, ಹುಡುಕಿಕೊಂಡು ಬಂದವರೂ ಇಲ್ಲ. ವೆಟ್ ಹತ್ತಿರ ಕರೆದುಕೊಂಡು ಹೋದೆವು. ಊದಿದ್ದು ಇನ್ನೊಂದು ಬೆಕ್ಕು ಕಚ್ಚಿದ ಗಾಯ, ಒಳಗೆ ಕೀವು. ಅದನ್ನು ತೆಗೆದು, ಆ್ಯಂಟಿಬಯಾಟಿಕ್ ಕೊಟ್ಟು, ಎರಡು ಹನಿ ರಕ್ತ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಮುಗಿಯುವ ಒಂದು ಪರೀಕ್ಷೆ ಮಾಡಿದರು. ಡಾಕ್ಟರು ಬಂದು ಹೇಳಿದರು: ಎಫ್‌ಐವಿ ಪಾಸಿಟಿವ್. ಅಂದರೆ ಫೀಲೈನ್ ಇಮ್ಯುನೋಡಿಫಿಷಿಯೆನ್ಸಿ ವೈರಸ್. ದೇಹದಿಂದ ಹೋಗದ, ಜೀವನಪೂರ್ತಿ ಜೊತೆಗಿರುವ ಸೋಂಕು.

ಪಾರ್ಕಿಂಗ್ ಲಾಟಿಗೆ ಬಂದು ಫೋನಿನಲ್ಲಿ ಹುಡುಕಿದೆ. ಮೊದಲು ಕಂಡ ಪದವೇ "ಬೆಕ್ಕಿನ ಏಡ್ಸ್". ಎದೆ ಝಲ್ಲೆಂದಿತು. ಮಗಳು ಹಿಂದಿನ ಸೀಟಿನಲ್ಲಿ ಬುಟ್ಟಿಯೊಳಗೆ ಬೆರಳು ತೂರಿಸಿ ಕೆಂಚನ ಮೂಗು ಸವರುತ್ತಿದ್ದಳು. "ಕೈ ತೆಗಿ!" ಎಂದು ಕಿರುಚಿದೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಅಳತೊಡಗಿದಳು. ಆ ಕಿರುಚಾಟಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆ ರಾತ್ರಿ ಮನೆಯಲ್ಲಿ ಚರ್ಚೆ. ಊರಿನಿಂದ ಒಬ್ಬರು ಫೋನಿನಲ್ಲಿ "ಎಲ್ಲಾದ್ರೂ ದೂರ ಬಿಟ್ಟು ಬಂದ್ಬಿಡ್ರೋ" ಅಂದರು. ಇಲ್ಲಿಯ ಸ್ನೇಹಿತರೊಬ್ಬರು "ನರಳಿಸೋದಕ್ಕಿಂತ ಇಂಜೆಕ್ಷನ್ ಕೊಡಿಸಿ ಕಳಿಸೋದೇ ದಯೆ" ಎಂದರು. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಈಗ ಅದಕ್ಕೆ ಏನಾಗ್ತಿದೆಯೋ?" ನಾನು ತಿರುಗಿ ನೋಡಿದೆ. ಕೆಂಚ ಹೊಟ್ಟೆ ತುಂಬ ತಿಂದು, ಹೀಟರ್ ಪಕ್ಕ ಕಾಲು ಚಾಚಿ ಮಲಗಿದ್ದ. ಏನೂ ಆಗುತ್ತಿರಲಿಲ್ಲ.

ಈ ವೈರಸ್ ನಮ್ಮೂರಿನದೇ

ಆಮೇಲೆ ಭಯ ಬಿಟ್ಟು ಓದಿದೆ. ಓದಿದಾಗ ಗೊತ್ತಾದದ್ದು, ಈ ವೈರಸ್ ಮೊದಲು ಸಿಕ್ಕಿದ್ದು ನಮ್ಮ ಮನೆಯಿಂದ ಎರಡು ಗಂಟೆ ದಾರಿಯ ಪೆಟಲೂಮಾದಲ್ಲಿ! ಅಲ್ಲಿ ಅನಾಥ ಬೆಕ್ಕುಗಳನ್ನು ಸಾಕುತ್ತಿದ್ದ ಒಂದು ಮನೆ. 1982ರಲ್ಲಿ ಹೊಸದಾಗಿ ಒಂದು ಮರಿ ಅಲ್ಲಿಯ ಒಂದು ಆವರಣಕ್ಕೆ ಸೇರಿತು. ಮುಂದಿನ ಕೆಲವು ವರ್ಷಗಳಲ್ಲಿ ಅದೇ ಆವರಣದ ಬೆಕ್ಕುಗಳು ಒಂದೊಂದಾಗಿ ಸೊರಗತೊಡಗಿದವು. ಬಾಯಿಹುಣ್ಣು, ಮೂಗಿನ ಸೋಂಕು, ವಾಸಿಯಾಗದ ಭೇದಿ. ಪಕ್ಕದ ಆವರಣದ ಬೆಕ್ಕುಗಳು ಚೆನ್ನಾಗಿಯೇ ಇದ್ದವು. ಯುಸಿ ಡೇವಿಸ್‌ನ ಪಶುವೈದ್ಯ ವಿಜ್ಞಾನಿ ನೀಲ್ಸ್ ಪೀಡರ್ಸನ್, ಜಾನೆಟ್ ಯಮಾಮೊಟೊ ಮತ್ತು ಸಂಗಡಿಗರು 1986ರಲ್ಲಿ ಆ ಬೆಕ್ಕುಗಳ ರಕ್ತದಿಂದ ಈ ವೈರಸ್ಸನ್ನು ಬೇರ್ಪಡಿಸಿದರು. 1987ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಆಗಿನ ಕಾಲ ನೆನಪಿಸಿಕೊಳ್ಳಿ. ಮನುಷ್ಯರ ಎಚ್‌ಐವಿ ಪತ್ತೆಯಾಗಿ ಮೂರು ವರ್ಷವಾಗಿತ್ತಷ್ಟೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತರುಣರು ಸಾಯುತ್ತಿದ್ದರು. ಎರಡು ವೈರಸ್‌ಗಳೂ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು, ಹಾಗಾಗಿ 'ಬೆಕ್ಕಿನ ಏಡ್ಸ್' ಎಂಬ ಹೆಸರು ಅಂಟಿಕೊಂಡಿತು. ಆ ಹೆಸರೇ ಸಾವಿರಾರು ಬೆಕ್ಕುಗಳ ಪ್ರಾಣ ತೆಗೆದಿದೆ ಎಂದು ನನ್ನ ಅನಿಸಿಕೆ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಎಷ್ಟೋ ಆರೋಗ್ಯವಂತ ಬೆಕ್ಕುಗಳನ್ನು ಎಷ್ಟೋ ವರ್ಷ ಹಾಗೇ ಕೊನೆಗಾಣಿಸಿದ್ದಾರೆ. ಇಂದಿನ ವೈದ್ಯಕೀಯ ಅಭಿಪ್ರಾಯ ಬೇರೆ. ಅಮೆರಿಕದ ಬೆಕ್ಕಿನ ವೈದ್ಯರ ಸಂಘ 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಕೇವಲ ಸೋಂಕು ಇದೆ ಎಂಬ ಕಾರಣಕ್ಕೆ ದಯಾಮರಣದ ನಿರ್ಧಾರ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಒಳ್ಳೆಯ ಆರೈಕೆ ಸಿಕ್ಕ ಎಫ್‌ಐವಿ ಬೆಕ್ಕುಗಳಲ್ಲಿ ಅನೇಕ, ಸೋಂಕಿಲ್ಲದ ಬೆಕ್ಕುಗಳಷ್ಟೇ ಕಾಲ ಬಾಳುತ್ತವೆ.

ಇನ್ನು, ಹರಡುವ ಬಗೆ. ಇದು ಮನುಷ್ಯರಿಗೆ ಬರುವುದಿಲ್ಲ. ನಾಯಿಗೂ ಬರುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಮುಖ್ಯವಾಗಿ ಆಳವಾದ ಕಡಿತದಿಂದ ಹರಡುತ್ತದೆ. ಅದಕ್ಕೇ ಬೀದಿಯಲ್ಲಿ ಜಗಳವಾಡುವ ಗಂಡುಬೆಕ್ಕುಗಳಲ್ಲಿ ಇದು ಹೆಚ್ಚು. ಒಂದೇ ತಟ್ಟೆಯಲ್ಲಿ ತಿನ್ನುವುದರಿಂದ, ಒಟ್ಟಿಗೆ ಮಲಗುವುದರಿಂದ ಬರುವುದು ತೀರ ಅಪರೂಪ. ಜಗಳವಾಡದ ಎರಡು ಬೆಕ್ಕುಗಳು ಒಂದೇ ಮನೆಯಲ್ಲಿ ಇರಬಹುದು. ಇದೇ ಪರೀಕ್ಷೆಯಲ್ಲಿ ತೋರುವ ಇನ್ನೊಂದು ವೈರಸ್, ಎಫ್‌ಇಎಲ್‌ವಿ, ಬೇರೆ ಜಾತಿಯದು. ಅದು ನೆಕ್ಕುವುದರಿಂದಲೂ ಹರಡುತ್ತದೆ, ಹೆಚ್ಚು ಕ್ರೂರ. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಇನ್ನೊಂದು ಮುಖ್ಯ ಮಾತು. ಈ ಹತ್ತು ನಿಮಿಷದ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಆ್ಯಂಟಿಬಾಡಿಯನ್ನು. ತಾಯಿಯ ಹಾಲಿನಿಂದ ಆ್ಯಂಟಿಬಾಡಿ ಪಡೆದ ಮರಿಯೂ ಪಾಸಿಟಿವ್ ತೋರಿಸಬಹುದು. ಅಂಥ ಮರಿಗೆ ಆರು ತಿಂಗಳು ತುಂಬಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು. ದೊಡ್ಡ ಬೆಕ್ಕಿನಲ್ಲೂ ಇನ್ನೊಂದು ವಿಧಾನದಿಂದ ಖಚಿತ ಮಾಡಿಕೊಳ್ಳಬೇಕು. ನಾವೂ ಮಾಡಿಸಿದೆವು, ಕೆಂಚನದು ನಿಜವಾಗಿಯೂ ಪಾಸಿಟಿವ್. ನಮ್ಮ ವೃತ್ತಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಅಲರ್ಟ್ ಬಂತೆಂದು ಯಾರೂ ಸರ್ವರ್ ಕಿತ್ತು ಬಿಸಾಡುವುದಿಲ್ಲ ತಾನೆ?

ಆರೈಕೆ ಎಂದರೆ ಏನು?

ಜನ ಅಂದುಕೊಂಡಿರುವುದು, ಇಂಥ ಬೆಕ್ಕೆಂದರೆ ದಿನಾ ಇಂಜೆಕ್ಷನ್, ಆಸ್ಪತ್ರೆ, ಗೋಳು ಅಂತ. ನಮ್ಮ ಮನೆಯಲ್ಲಿ ನಡೆಯುವುದು ಇಷ್ಟೇ.

ಒಂದು, ಅವನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೇವೆ ಮತ್ತು ಮನೆಯಿಂದ ಹೊರಗೆ ಬಿಡುವುದಿಲ್ಲ. ಬೇರೆ ಬೆಕ್ಕುಗಳಿಗೆ ಅವನಿಂದ ಸೋಂಕು ಹರಡಬಾರದು, ಹೊರಗಿನ ರೋಗ ಅವನಿಗೆ ಅಂಟಬಾರದು. ಕ್ರೀಕ್ ಹತ್ತಿರ ಕಯೋಟಿಗಳ ಕಾಟ ಬೇರೆ. ಮೊದಲೆರಡು ವಾರ ಬಾಗಿಲ ಬಳಿ ಕೂತು ಕೂಗಿದ. ಕಿಟಕಿಯ ಹತ್ತಿರ ಎತ್ತರದ ಒಂದು ಗೂಡು ಮಾಡಿಕೊಟ್ಟ ಮೇಲೆ ಸುಮ್ಮನಾದ. ಈಗ ಅಲ್ಲಿಂದಲೇ ಅಳಿಲುಗಳ ಮೇಲೆ ದರ್ಬಾರು ನಡೆಸುತ್ತಾನೆ.

ಎರಡು, ಊಟ. ಇಲ್ಲಿ ನಮ್ಮಂಥ ಸಸ್ಯಾಹಾರಿ ಮನೆಗಳಿಗೆ ನಿಜವಾದ ಧರ್ಮಸಂಕಟ. ಅಮ್ಮ ಮೊದಲ ವಾರ ಮೊಸರನ್ನ ಕಲಸಿ ಇಟ್ಟರು. ಊರಲ್ಲಿ ನಮ್ಮ ಅಜ್ಜಿ ಮನೆಯ ಬೆಕ್ಕು ಮೊಸರನ್ನ ತಿಂದೇ ಬದುಕಿತ್ತು ಅನ್ನುವುದು ಅವರ ವಾದ. ಅಜ್ಜಿ ಮನೆಯ ಬೆಕ್ಕು ಮೊಸರನ್ನದ ಜೊತೆ ಕಣಜದ ಇಲಿಗಳನ್ನೂ ತಿನ್ನುತ್ತಿತ್ತು, ಅದನ್ನು ನಾವು ನೋಡುತ್ತಿರಲಿಲ್ಲ ಅಷ್ಟೆ! ಬೆಕ್ಕಿಗೆ ಟಾರಿನ್ ಎಂಬ ವಸ್ತು ಆಹಾರದಿಂದಲೇ ಸಿಗಬೇಕು, ಸಾಕಾಗುವಷ್ಟನ್ನು ಅದರ ದೇಹ ತಯಾರಿಸಿಕೊಳ್ಳಲಾರದು. ಸಹಜವಾಗಿ ಅದು ಸಿಗುವುದು ಮಾಂಸ ಮೀನುಗಳಲ್ಲಿ. ಟಾರಿನ್ ಕಡಿಮೆಯಾದರೆ ಬೆಕ್ಕಿನ ಕಣ್ಣು ಹಾಳಾಗುತ್ತದೆ, ಹೃದಯ ದುರ್ಬಲವಾಗುತ್ತದೆ. ಹೃದಯದ ವಿಷಯವನ್ನು ಕಂಡುಹಿಡಿದದ್ದೂ ಯುಸಿ ಡೇವಿಸ್‌ನಲ್ಲೇ, ಅದೇ 1987ರಲ್ಲಿ. ಇದನ್ನು ಅಮ್ಮನಿಗೆ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವರೇ, "ಹುಲಿ ಹುಲ್ಲು ತಿನ್ನತ್ತೇನೋ, ಬಿಡು. ಆದ್ರೆ ನನ್ನ ಅಡುಗೆಮನೇಲಿ ಬೇಡ ಕಣೋ" ಅಂದರು. ಈಗ ಕೆಂಚನ ಡಬ್ಬಿಗಳು, ಅವನ ಚಮಚ, ತಟ್ಟೆ ಎಲ್ಲ ಬಟ್ಟೆ ಒಗೆಯುವ ಯಂತ್ರದ ಪಕ್ಕದ ಕಪಾಟಿನಲ್ಲಿ. ಎಲ್ಲರಿಗೂ ನೆಮ್ಮದಿ.

ಹಸಿ ಮಾಂಸ, ಹಸಿ ಹಾಲು ಇಂಥ ಬೆಕ್ಕಿಗೆ ಕೂಡದು. ರೋಗನಿರೋಧಕ ಶಕ್ತಿ ಕುಗ್ಗಿರುವಲ್ಲಿ ಅದರಲ್ಲಿರುವ ಕ್ರಿಮಿಗಳು ಅಪಾಯ. 2024ರ ಕೊನೆಯಲ್ಲಿ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಹಸಿ ಹಾಲು ಕುಡಿದ ಮನೆಬೆಕ್ಕುಗಳು ಹಕ್ಕಿಜ್ವರದಿಂದ ಸತ್ತ ಸುದ್ದಿ ನೀವೂ ಓದಿರಬಹುದು. ಹಾಗೆಯೇ ನಮ್ಮ ಅಡುಗೆಯ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನು ಕೆಡಿಸುತ್ತವೆ. ಹೂದಾನಿಯ ಲಿಲ್ಲಿ ಹೂವು ಅದರ ಕಿಡ್ನಿಗೆ ವಿಷ. ಎಲ್ಲಕ್ಕಿಂತ ಮುಖ್ಯ: ಊರಿನಿಂದ ತಂದ ಕ್ರೋಸಿನ್, ಡೋಲೊ, ಇಲ್ಲಿಯ ಟೈಲೆನಾಲ್, ಯಾವುದನ್ನೂ ಬೆಕ್ಕಿಗೆ ಕೊಡಬೇಡಿ. ಜ್ವರ ಬಂದಿದೆಯೆಂದು ಪ್ರೀತಿಯಿಂದ ಕೊಟ್ಟ ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಹುದು.

ಮೂರು, ತೂಕ. ಇದು ನಮ್ಮ ಮನೆಯ ದೊಡ್ಡ ಪಾಠ. ಬೆಕ್ಕು ನೋವನ್ನು ಹೇಳಿಕೊಳ್ಳುವುದಿಲ್ಲ, ಮುಚ್ಚಿಡುತ್ತದೆ. ಆದರೆ ತೂಕ ಸುಳ್ಳು ಹೇಳುವುದಿಲ್ಲ. ಪ್ರತಿ ಭಾನುವಾರ ಕ್ಯಾಂಪ್‌ಬೆಲ್ ಅವೆನ್ಯೂದ ರೈತರ ಸಂತೆಗೆ ಹೊರಡುವ ಮುಂಚೆ ಕೆಂಚನನ್ನು ತೂಗುತ್ತೇವೆ. ನಾನು ಸ್ಪ್ರೆಡ್‌ಶೀಟ್ ಮಾಡಿದೆ, ಗ್ರಾಫ್ ಹಾಕಿದೆ, ಎರಡು ತಿಂಗಳಲ್ಲಿ ಮರೆತೂ ಬಿಟ್ಟೆ. ಮರೆಯದೆ ಬರೆದಿಟ್ಟವರು ಅಮ್ಮ. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ಭಾನುವಾರದ ಚೌಕದಲ್ಲಿ ಕನ್ನಡ ಅಂಕಿಯಲ್ಲಿ ಕೆಂಚನ ತೂಕ!

ಕಳೆದ ವರ್ಷ ಒಂದು ಭಾನುವಾರ ಅಮ್ಮ ಕರೆದರು. "ನೋಡೋ, ಹೋದ ತಿಂಗಳು ಹನ್ನೊಂದೂವರೆ ಇತ್ತು, ಈಗ ಹತ್ತೂಕಾಲು." ಪೌಂಡ್ ಲೆಕ್ಕ. ನೋಡಲು ಅವನು ಹಾಗೇ ಇದ್ದ, ತಿನ್ನುತ್ತಲೂ ಇದ್ದ. ನಾನಾಗಿದ್ದರೆ ಇನ್ನೊಂದು ತಿಂಗಳು ಕಾಯುತ್ತಿದ್ದೆ. ವೆಟ್ ಬಾಯಿ ತೆರೆದು ನೋಡಿದರೆ ಒಸಡೆಲ್ಲ ಕೆಂಪಾಗಿ ಹುಣ್ಣಾಗಿದೆ. ಎಫ್‌ಐವಿ ಬೆಕ್ಕುಗಳಲ್ಲಿ ಹೆಚ್ಚು ಕಾಣುವ ತೊಂದರೆ ಇದೇ. ಬಹುಪಾಲು ಹಲ್ಲು ಕೀಳಿಸಬೇಕಾಯಿತು. ಹಲ್ಲಿಲ್ಲದೆ ಹೇಗಪ್ಪಾ ಎಂದು ನಮಗೆ ಚಿಂತೆ, ಅವನಿಗೆ ಅದೇನೂ ಇಲ್ಲ. ಎರಡೇ ವಾರದಲ್ಲಿ ಡಬ್ಬಿಯ ಊಟ ನೆಕ್ಕಿ ನೆಕ್ಕಿ ಮುಗಿಸತೊಡಗಿದ. ನೋವಿನ ಹಲ್ಲಿಗಿಂತ ಹಲ್ಲಿಲ್ಲದಿರುವುದೇ ಸುಖ ಎಂದು ಅಮ್ಮನಿಗೆ ಸ್ವಂತ ಅನುಭವ, ಅವರು ಸೆಟ್ ಹಾಕಿಸಿಕೊಂಡವರು.

ನಾಲ್ಕು, ವರ್ಷಕ್ಕೆ ಒಂದರ ಬದಲು ಎರಡು ಸಲ ಡಾಕ್ಟರ ಭೇಟಿ, ರಕ್ತ ಮೂತ್ರ ಪರೀಕ್ಷೆ, ಅವರು ಹೇಳಿದ ಲಸಿಕೆ, ಹುಳದ ಔಷಧಿ. ಯಾವ ಸಣ್ಣ ಸೋಂಕು ಬಂದರೂ ತಡಮಾಡದೆ ಚಿಕಿತ್ಸೆ. ಇದನ್ನು ಬಿಟ್ಟು 'ಇಮ್ಯುನಿಟಿ ಬೂಸ್ಟರ್' ಎಂದು ಆನ್‌ಲೈನಿನಲ್ಲಿ ಮಾರುವ ಪುಡಿ, ಹನಿಗಳಿಗೆ ದುಡ್ಡು ಸುರಿಯಬೇಡಿ. ಎಫ್‌ಐವಿಯನ್ನು ದೇಹದಿಂದ ಓಡಿಸುವ ಔಷಧಿ ಇನ್ನೂ ಇಲ್ಲ. 2002ರಲ್ಲಿ ಅಮೆರಿಕದಲ್ಲಿ ಒಂದು ಲಸಿಕೆ ಬಂದಿತ್ತು, ಈಗ ಅದೂ ಇಲ್ಲಿ ಸಿಗುವುದಿಲ್ಲ. ಇರುವುದು ಆರೈಕೆಯೊಂದೇ.

ಓದುತ್ತಾ ನಿಮಗೆ ಏನೋ ಪರಿಚಿತ ಅನ್ನಿಸಿರಬೇಕು. ನಮ್ಮ ಅಪ್ಪನಿಗೆ ಇಪ್ಪತ್ತೆರಡು ವರ್ಷ ಸಕ್ಕರೆ ಕಾಯಿಲೆ ಇತ್ತು. ಹೊತ್ತಿಗೆ ಊಟ, ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಕಾಲಿನ ಸಣ್ಣ ಗಾಯಕ್ಕೂ ಎಚ್ಚರ. ಅಮ್ಮ ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದರು. ವಾಸಿಯಾಗದ ಕಾಯಿಲೆಯ ಜೊತೆ ಸಂಸಾರ ಮಾಡುವುದು ನಮ್ಮ ಮನೆಗಳಿಗೆ ಹೊಸದಲ್ಲ. ನಮಗೆ ಬಾರದಿರುವುದು ಆರೈಕೆಯಲ್ಲ. ಕಾಯಿಲೆಯ ಹೆಸರು ಕೇಳಿದ ಕೂಡಲೇ ಬೆಚ್ಚುತ್ತೇವೆ, ಅದೇ ತೊಂದರೆ.

ನಾಲ್ಕು ಜನ ಏನಂತಾರೆ?

ಕೆಂಚನ ವಿಷಯ ತಿಳಿದ ಮೇಲೆ ಒಂದು ಕುಟುಂಬ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿತು. ಕಾರಣ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆ ಮನೆಯಲ್ಲಿ ಬಸುರಿ ಹೆಂಗಸಿದ್ದರು. ಅವರ ಎಚ್ಚರ ಸರಿ, ಆದರೆ ತಪ್ಪು ವಿಳಾಸಕ್ಕೆ ಹೋಗಿತ್ತು. ಬಸುರಿಯರು ಎಚ್ಚರ ವಹಿಸಬೇಕಾದದ್ದು ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ಬಗ್ಗೆ. ಅದಕ್ಕೂ ಎಫ್‌ಐವಿಗೂ ಸಂಬಂಧವಿಲ್ಲ. ಅದು ಹರಡುವುದು ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ತರಕಾರಿಯಿಂದ, ತೋಟದ ಮಣ್ಣಿನಿಂದ. ಮಲದಲ್ಲಿರುವ ಅದರ ಮೊಟ್ಟೆ ಸೋಂಕು ತರುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಲಿಟರ್ ಬಾಕ್ಸ್ ದಿನಾ ಶುಚಿ ಮಾಡಬೇಕು, ಆ ಕೆಲಸ ಬಸುರಿ ಮಾಡಬಾರದು, ಗಂಡ ಮಾಡಲಿ. ಇಷ್ಟು ಮಾಡಿದರೆ ಬೆಕ್ಕನ್ನು ಮನೆ ಬಿಡಿಸಬೇಕಾಗಿಲ್ಲ. (ಗಂಡಂದಿರೇ, ಕ್ಷಮಿಸಿ!)

ನನ್ನ ತಪ್ಪೂ ಇದರಲ್ಲಿದೆ. ಮೊದಲೇ ಅವರನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಬಹುದಿತ್ತು. ನಾನು ಆಗ ಮುಚ್ಚಿಟ್ಟಿದ್ದೆ, ಮಗಳಿಗೂ "ಯಾರಿಗೂ ಹೇಳ್ಬೇಡ" ಎಂದಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಗಾದೆ. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿದ್ದವನು ನಾನು. ಒಂದು ದಿನ ಮಗಳು ಕೇಳಿದಳು: "ಅಪ್ಪಾ, ಕೆಂಚ ಏನಾದ್ರೂ ತಪ್ಪು ಮಾಡಿದ್ನಾ?" ನನ್ನ ಬಳಿ ಉತ್ತರವಿರಲಿಲ್ಲ. ಕಾಯಿಲೆ ಮುಚ್ಚಿಡಬೇಕಾದ ವಿಷಯ, ಅದು ಬಂದವರು ತಪ್ಪು ಮಾಡಿದವರು ಎಂದು ನಾನೇ ಅವಳಿಗೆ ಕಲಿಸುತ್ತಿದ್ದೆ. ಆ ಪಾಠ ಬೆಕ್ಕಿಗಷ್ಟೇ ನಿಲ್ಲುವುದಿಲ್ಲವಲ್ಲ. ನಾಳೆ ಅವಳ ಸಹಪಾಠಿಗೆ, ಸಹೋದ್ಯೋಗಿಗೆ, ಎಚ್‌ಐವಿ ಇರುವ ಮನುಷ್ಯನಿಗೆ, ಅಥವಾ ಅವಳಿಗೇ ಒಂದು ಕಾಯಿಲೆ ಬಂದಾಗ ಇದೇ ಪಾಠ ನೆನಪಾಗುತ್ತದೆ. ಅಂದಿನಿಂದ ಯಾರು ಕೇಳಿದರೂ ಹೇಳುತ್ತೇನೆ. ಊಟದ ಸಾಲಿನಲ್ಲೂ ಹೇಳುತ್ತೇನೆ.

"ಊರಲ್ಲಿ ಮನುಷ್ಯರಿಗೇ ಔಷಧಿಗೆ ದುಡ್ಡಿಲ್ಲ, ನೀವು ಬೆಕ್ಕಿಗೆ ಸುರೀತೀರಿ" ಎಂದು ಕೇಳುವವರಿದ್ದಾರೆ. ಗಂಭೀರ ಪ್ರಶ್ನೆ. ತಳ್ಳಿಹಾಕುವುದಿಲ್ಲ. ಖರ್ಚಿನ ಲೆಕ್ಕ ಇಲ್ಲಿದೆ: ಸಾಮಾನ್ಯ ವರ್ಷದಲ್ಲಿ ತಪಾಸಣೆ, ಪರೀಕ್ಷೆಗಳಿಗೆ ಎಂಟುನೂರು ಡಾಲರ್ ಚಿಲ್ಲರೆ. ಹಲ್ಲು ಕೀಳಿಸಿದ ವರ್ಷ ಅದರ ಮೂರರಷ್ಟು. ಮೊದಲೇ ಇರುವ ಕಾಯಿಲೆಯೆಂದು ವಿಮೆಯಲ್ಲೂ ಸಿಗಲಿಲ್ಲ. ಸಣ್ಣ ಮೊತ್ತವಲ್ಲ, ಆದ್ದರಿಂದ ತಿಂಗಳಿಗಿಷ್ಟು ಎಂದು ತೆಗೆದಿಡುತ್ತೇವೆ. ಎಲ್ಲರೂ ಬೆಕ್ಕು ಸಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ಸಾಕಿದ ಮೇಲೆ, ಹೆಸರಿಟ್ಟು ಮನೆಯೊಳಗೆ ಕರೆದ ಮೇಲೆ, ರಿಪೋರ್ಟ್ ಬಂತೆಂದು ಹೊರಗೆ ಹಾಕುವುದು ಸರಿಯಲ್ಲ. ಊರಿಗೆ ಕಳಿಸುವ ದುಡ್ಡಿನಲ್ಲಿ ಕೆಂಚನಿಂದ ಒಂದು ರೂಪಾಯಿ ಕಡಿಮೆಯಾಗಿಲ್ಲ, ಕಡಿಮೆಯಾದದ್ದು ನಮ್ಮ ಹೋಟೆಲ್ ಊಟ.

ಇನ್ನು, ಇವತ್ತು ವಾಸಿಯಾಗದ್ದು ನಾಳೆಯೂ ವಾಸಿಯಾಗುವುದಿಲ್ಲ ಎನ್ನುವಂತಿಲ್ಲ. ಬೆಕ್ಕುಗಳಲ್ಲಿ ಎಫ್‌ಐಪಿ ಎಂಬ ಇನ್ನೊಂದು ಕಾಯಿಲೆ ಇದೆ. ಒಂದು ಜಾತಿಯ ಕೊರೋನಾವೈರಸ್‌ನಿಂದ ಬರುವಂಥದ್ದು. ಬಂದರೆ ಸಾವೇ ಎಂದಿದ್ದ ಕಾಲ ಹೋಗಿ ಬಹಳ ವರ್ಷವಾಗಿಲ್ಲ. ನಮ್ಮ ಫಾಸ್ಟರ್ ಸಿಟಿಯ ಗಿಲಿಯಡ್ ಕಂಪನಿ ರೂಪಿಸಿದ ಜಿಎಸ್-441524 ಎಂಬ ಔಷಧಿಯನ್ನು ಅದೇ ಪೀಡರ್ಸನ್ ಬೆಕ್ಕುಗಳಿಗೆ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 31 ಬೆಕ್ಕುಗಳಲ್ಲಿ 25 ಬದುಕುಳಿದಿದ್ದವು. 2024ರ ಜೂನ್‌ನಿಂದ ಅಮೆರಿಕದಲ್ಲಿ ವೆಟ್ ಚೀಟಿ ಬರೆದರೆ ಈ ಔಷಧಿ ಸಿಗುತ್ತದೆ. ಎಫ್‌ಐವಿಗೂ ಹೀಗೇ ಆಗುತ್ತದೆ ಎಂದು ಭರವಸೆ ಕೊಡಲಾರೆ. ಆದರೆ ಮರಣಶಾಸನ ಎಂದು ಬರೆದಿಟ್ಟದ್ದೆಲ್ಲ ಶಾಶ್ವತವಲ್ಲ ಎಂಬುದನ್ನು ಈ ಒಂದು ಬೇ ಏರಿಯಾ ಕಥೆಯಾದರೂ ಹೇಳುತ್ತದೆ.

ಕೂಟಕ್ಕೆ ಒಂದು ಸಲಹೆ

ಕೊನೆಯದಾಗಿ, ನಮ್ಮೆಲ್ಲರಿಗೂ ಇರುವ ಒಂದು ತೊಂದರೆ. ಇಂಡಿಯಾ ಟ್ರಿಪ್! ಡಿಸೆಂಬರಿನಲ್ಲಿ ನಾಲ್ಕು ವಾರ ಊರಿಗೆ ಹೋಗುವಾಗ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ? 2024ರಲ್ಲಿ ನಾವು ಹಣ ಕಟ್ಟಿ ಒಂದು ಬೋರ್ಡಿಂಗ್‌ನಲ್ಲಿ ಜಾಗ ಕಾದಿರಿಸಿದ್ದೆವು. ಹೊರಡುವ ಆರು ದಿನ ಮುಂಚೆ ಎಫ್‌ಐವಿ ಎಂದು ತಿಳಿದು ಆಗುವುದಿಲ್ಲ ಎಂದರು. ಟಿಕೆಟ್ ಆಗಿದೆ, ಊರಲ್ಲಿ ತಂಗಿಯ ಮದುವೆ. ಆಗ ನೆರವಾದವರು ಸನಿವೇಲ್‌ನ ಒಬ್ಬ ಹಿರಿಯ ಕನ್ನಡ ದಂಪತಿ. ಅವರಿಗೆ ಮೊದಲೇ ಎಲ್ಲ ಹೇಳಿದೆ. ಆ ಆಂಟಿ ಅಂದದ್ದು ಇಷ್ಟೇ: "ನಮ್ಮಿಬ್ಬರಿಗೂ ಬಿ.ಪಿ. ಇದೆ, ಅವನಿಗೆ ಅದಿದೆ. ಪರವಾಗಿಲ್ಲ ಬಿಡಿ, ಕರ್ಕೊಂಡು ಬನ್ನಿ." ನಾಲ್ಕು ವಾರ ಕಳೆದು ಹೋದರೆ ಕೆಂಚ ಅಂಕಲ್ ತೊಡೆಯ ಮೇಲಿಂದ ಏಳಲೇ ಒಪ್ಪಲಿಲ್ಲ.

ಇದನ್ನೇ ನಾವು ಒಂದು ವ್ಯವಸ್ಥೆ ಮಾಡಿಕೊಳ್ಳಬಾರದೇಕೆ? ಬಾಣಂತನಕ್ಕೆ ಅಡುಗೆ ಹಂಚಿಕೊಳ್ಳುತ್ತೇವೆ, ವಿಮಾನ ನಿಲ್ದಾಣಕ್ಕೆ ಕಾರು ಹಂಚಿಕೊಳ್ಳುತ್ತೇವೆ. ಹಾಗೆಯೇ ಊರಿಗೆ ಹೋಗುವ ಮನೆಯ ಬೆಕ್ಕು ನಾಯಿಗಳನ್ನು ನೋಡಿಕೊಳ್ಳಲು ಸಿದ್ಧವಿರುವವರ ಒಂದು ಪಟ್ಟಿಯನ್ನು ಕೂಟ ಇಟ್ಟುಕೊಳ್ಳಲಿ. ಹಿರಿಯರಿಗೂ ಮನೆಯಲ್ಲಿ ಒಂದು ಜೀವ ಓಡಾಡಿದಂತಾಗುತ್ತದೆ. ಮೊದಲ ಹೆಸರು ನನ್ನದು ಬರೆದುಕೊಳ್ಳಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ನಮ್ಮ ಮನೆಯಿಂದ ಉತ್ತರ ಇದು.

ಬೆಕ್ಕು ತರಬೇಕೆಂದಿರುವವರಿಗೆ ಇನ್ನೊಂದು ಮಾತು. ಶೆಲ್ಟರಿಗೆ ಹೋದಾಗ "ಎಫ್‌ಐವಿ ಪಾಸಿಟಿವ್" ಎಂದು ಚೀಟಿ ಅಂಟಿಸಿದ ಗೂಡಿನ ಮುಂದೆಯೂ ಎರಡು ನಿಮಿಷ ನಿಲ್ಲಿ. ಎಲ್ಲರೂ ದಾಟಿ ಹೋಗುವ ಗೂಡು ಅದು. ಹೊರಗೆ ಬಿಡದೆ ಸಾಕುವ ನಮ್ಮಂಥ ಅಪಾರ್ಟ್‌ಮೆಂಟಿನವರಿಗೆ ಅಂಥ ಬೆಕ್ಕು ಚೆನ್ನಾಗಿಯೇ ಹೊಂದುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಭಾನುವಾರ ಬೆಳಿಗ್ಗೆ ಎಂಟು. ಅಮ್ಮ ತೂಕದ ಯಂತ್ರ ತಂದಿಟ್ಟು ಕೂಗುತ್ತಿದ್ದಾರೆ. ಇಂದಿನ ತೂಕ ಹನ್ನೊಂದು ಮುಕ್ಕಾಲು, ಕ್ಯಾಲೆಂಡರಿಗೆ ಏರಿತು.

ನೀವೇನಂತೀರಿ? ಒಪ್ಪಿದರೂ, ಒಪ್ಪದಿದ್ದರೂ ಸಂಪಾದಕರಿಗೆ ಬರೆಯಿರಿ. ಮನೆಗೂ ಬನ್ನಿ. ಕಾಫಿ ಇದೆ, ಕೆಂಚನೂ ಇದ್ದಾನೆ.